ಡ್ರೈಯರ್ ಕೆಟ್ಟಿಲ್ಲ ಸ್ವಾಮೀ, ಅದಕ್ಕೆ ಉಸಿರು ಕಟ್ಟಿದೆ!

ಇಲ್ಲಿ ಅಮೆರಿಕದಲ್ಲಿ ನಾಲ್ಕು ಮನೆ ಕನ್ನಡಿಗರು ಒಂದು ಕಡೆ ಊಟಕ್ಕೆ ಸೇರಿದರೆ, ಎರಡನೇ ಸುತ್ತು ಬಿಸಿಬೇಳೆಭಾತ್ ಬರುವಷ್ಟರಲ್ಲಿ ಮಾತು ಮನೆಯ ಮೆಷಿನ್ನುಗಳ ಕಡೆ ತಿರುಗಿರುತ್ತೆ. ಆಗ ಯಾರಾದರೊಬ್ಬರು ಹೇಳೇ ಹೇಳ್ತಾರೆ: "ನಮ್ಮನೆ ಡ್ರೈಯರ್ ಯಾಕೋ ಸರಿಯಾಗಿ ಒಣಗಿಸ್ತಾನೇ ಇಲ್ಲ ಮಾರಾಯ್ರೆ, ಒಂದೊಂದು ಲೋಡನ್ನ ಎರಡೆರಡು ಸಲ ತಿರುಗಿಸಬೇಕು." ಪಕ್ಕದವರ ಉತ್ತರ ರೆಡಿ ಇರುತ್ತೆ: "ತಗೊಂಡು ಎಷ್ಟು ವರ್ಷ ಆಯ್ತು? ಎಂಟಾ? ಅಯ್ಯೋ, ಬಿಸಾಕಿ ಅತ್ಲಾಗೆ. ಥ್ಯಾಂಕ್ಸ್‌ಗಿವಿಂಗ್ ಸೇಲಲ್ಲಿ ಹೊಸದು ತಗೊಳ್ಳಿ." ಸುತ್ತ ಕೂತವರೆಲ್ಲ ಹೌದೌದು ಅಂತ ತಲೆಯಾಡಿಸ್ತಾರೆ.

ನನ್ನ ಜಗಳ ಇರೋದು ಈ ತಲೆಯಾಡಿಸೋದರ ಜೊತೆ.

ಮೊದಲೇ ಹೇಳಿಬಿಡ್ತೀನಿ. ಬಿಸಿ ಆಗುತ್ತೆ, ತಿರುಗುತ್ತೆ, ಆದರೆ ಒಣಗಿಸೋಕೆ ಎರಡು ಗಂಟೆ ತಗೊಳ್ಳುತ್ತೆ ಅನ್ನೋ ಡ್ರೈಯರು ಹೆಚ್ಚಿನ ಸಲ ಕೆಟ್ಟೇ ಇರೋಲ್ಲ. ಅದರ ಹಿಂದಿನಿಂದ ಹೊರಟು ಗೋಡೆಯೊಳಗೆ ನುಗ್ಗಿ ಮನೆಯ ಆಚೆ ಬರುವ ನಾಲ್ಕಿಂಚಿನ ಪೈಪು ಕಟ್ಟಿಕೊಂಡಿರುತ್ತೆ. ಆ ಪೈಪನ್ನ ನೋಡದೆ ಹೊಸ ಮೆಷಿನ್ ತಂದಿಡೋದು, ಮೂಗು ಕಟ್ಟಿದವನಿಗೆ ಹೊಸ ಅಂಗಿ ಹೊಲಿಸಿದ ಹಾಗೆ. ಅಂಗಿ ಚೆನ್ನಾಗೇ ಇರುತ್ತೆ, ಉಸಿರಾಟ ಅಷ್ಟೇ ಇರುತ್ತೆ. ಆದರೂ ರಿಪೇರಿಯವನು ಆ ಪೈಪನ್ನ ನೋಡೋಲ್ಲ, ಅಂಗಡಿಯವನು ಅದರ ಮಾತೆತ್ತೋಲ್ಲ, ಮನೆ ಕಟ್ಟಿದವನಿಗೆ ಅದು ನೆನಪೇ ಇರೋಲ್ಲ, ಮನೆಯಲ್ಲಿರುವ ನಮಗೆ ಅದೊಂದು ಇದೆ ಅಂತಾನೇ ಗೊತ್ತಿರೋಲ್ಲ. ಇದು ಬರೀ ದುಡ್ಡು ದಂಡವಾಗುವ ವಿಷಯ ಆಗಿದ್ದರೆ ಇಷ್ಟುದ್ದ ಬರೀತಿರಲಿಲ್ಲ. ಮನೆಗೆ ಬೆಂಕಿ ಬೀಳುವ ವಿಷಯ ಇದು. ಅಲ್ಲಿಗೆ ಆಮೇಲೆ ಬರ್ತೀನಿ.

ಮೊದಲು ಈ ಮೆಷಿನ್ ಒಳಗೆ ಏನು ನಡೆಯುತ್ತೆ ಅಂತ ನೋಡೋಣ.

ಡ್ರೈಯರ್ ಅಂದರೆ ಬಟ್ಟೆ ಬೇಯಿಸುವ ಒಲೆ ಅಂತ ನಾವು ತಿಳಕೊಂಡಿದ್ದೀವಿ. ಅಲ್ಲ ಕಣ್ರೀ, ಅದು ಫ್ಯಾನು. ಫ್ಯಾನಿನ ಮುಂದೆ ಒಂದು ಒಲೆ ಇಟ್ಟಿದ್ದಾರೆ ಅಷ್ಟೇ. ಡ್ರಮ್ಮನ್ನ ತಿರುಗಿಸುವ ಮೋಟರೇ ಸಾಮಾನ್ಯವಾಗಿ ಒಂದು ಬ್ಲೋಯರನ್ನೂ ತಿರುಗಿಸುತ್ತೆ. ಅದು ರೂಮಿನ ಗಾಳಿಯನ್ನ ಒಳಗೆಳೆದು, ಹೀಟರಿನ ಮೇಲೆ ಹಾಯಿಸಿ, ಡ್ರಮ್ಮಿನಲ್ಲಿ ಬಟ್ಟೆಗಳ ನಡುವೆ ನುಗ್ಗಿಸಿ, ಲಿಂಟ್ ಜಾಲರಿ ದಾಟಿಸಿ, ಪೈಪಿನ ಮೂಲಕ ಮನೆಯಿಂದ ಹೊರಕ್ಕೆ ಎಸೆಯುತ್ತೆ. ನಿಮಿಷಕ್ಕೆ ಸುಮಾರು 150 ಘನ ಅಡಿ ಗಾಳಿ ಅಂತ ಇಟ್ಟುಕೊಳ್ಳಿ. ಗಂಟೆಗೆ 9,000 ಘನ ಅಡಿ ಆಯ್ತು. ಎರಡು ಸಾವಿರ ಚದರ ಅಡಿಯ, ಎಂಟಡಿ ಎತ್ತರದ ಮನೆಯೊಳಗೆ ಇರುವ ಗಾಳಿಯೇ 16,000 ಘನ ಅಡಿ. ಅಂದರೆ ಒಂದು ಗಂಟೆ ಡ್ರೈಯರ್ ಓಡಿಸಿದರೆ ಮನೆಯ ಅರ್ಧಕ್ಕಿಂತ ಹೆಚ್ಚು ಗಾಳಿಯನ್ನ ಅದು ಹೊರಗೆ ಹಾಕಿರುತ್ತೆ. ಚಳಿಗಾಲದಲ್ಲಿ ದುಡ್ಡು ಸುರಿದು ಬಿಸಿ ಮಾಡಿದ ಗಾಳಿ ಅದು, ನೆನಪಿರಲಿ.

ಇಷ್ಟು ಗಾಳಿ ಯಾಕೆ ಬೇಕು? ಬಟ್ಟೆಯಲ್ಲಿರೋ ನೀರು ಆವಿಯಾದರೆ ಸಾಲದು, ಆ ಆವಿ ಅಲ್ಲಿಂದ ಜಾಗ ಖಾಲಿ ಮಾಡಬೇಕು. ಏಪ್ರಿಲ್ ತಿಂಗಳ ಮಂಗಳೂರಿನಲ್ಲಿ ಗಾಳಿಯಾಡದ ಕೋಣೆಯೊಳಗೆ ಒಂದು ಒದ್ದೆ ಪಂಚೆ ಹರವಿ ನೋಡಿ. ಅದೇ ಪಂಚೆಯನ್ನ ಜನವರಿಯಲ್ಲಿ ಧಾರವಾಡದ ಹಿತ್ತಲಲ್ಲಿ, ಒಣಗಾಳಿ ಬೀಸುವಾಗ ಹರವಿ ನೋಡಿ. ಸೆಕೆ ಜಾಸ್ತಿ ಇರೋದು ಮಂಗಳೂರಲ್ಲಿ, ಬೇಗ ಒಣಗೋದು ಧಾರವಾಡದಲ್ಲಿ. ಮಡಿಬಟ್ಟೆಯನ್ನ ಗಳುವಿನ ಮೇಲೆ ಅಗಲವಾಗಿ ಹರವಿ, ಒಂದಕ್ಕೊಂದು ಅಂಟದ ಹಾಗೆ ಕೋಲಿನಿಂದ ಸರಿಸುತ್ತಿದ್ದ ನಮ್ಮ ಅಜ್ಜಿಯಂದಿರು ಫಿಸಿಕ್ಸ್ ಓದಿರಲಿಲ್ಲ, ಆದರೂ ಇದು ಅವರಿಗೆ ಗೊತ್ತಿತ್ತು. ಎಂಜಿನಿಯರಿಂಗ್ ಓದಿ ಇಲ್ಲಿಗೆ ಬಂದ ನಾವು ಮರೆತಿದ್ದೀವಿ :-)

ಈಗ ಆ ಪೈಪು ಕಟ್ಟಿಕೊಂಡರೆ ಏನಾಗುತ್ತೆ ನೋಡಿ. ಎಲ್ಲ ಗೊಂದಲ ಹುಟ್ಟೋದೇ ಇಲ್ಲಿ.

ಗಾಳಿ ಕಮ್ಮಿಯಾದ ತಕ್ಷಣ ಹೀಟರಿನ ಬಿಸಿಯನ್ನ ಹೊತ್ತೊಯ್ಯೋರು ಇಲ್ಲ. ಹೀಟರಿನ ಡಬ್ಬಿ ಕಾದು ಕೆಂಪಗಾಗೋಕೆ ಶುರು. ಹಾಗಾಗಬಾರದು ಅಂತ ಅದರ ಪಕ್ಕದಲ್ಲೇ ಒಂದು ಹೈ ಲಿಮಿಟ್ ಥರ್ಮೋಸ್ಟಾಟ್ ಇಟ್ಟಿರ್ತಾರೆ. ಅದು ಹೀಟರಿನ ಕರೆಂಟ್ ಕಟ್ ಮಾಡುತ್ತೆ. ಡಬ್ಬಿ ತಣ್ಣಗಾಯ್ತು, ಮತ್ತೆ ಕರೆಂಟ್ ಕೊಡುತ್ತೆ. ಮತ್ತೆ ಕಾಯ್ತು, ಮತ್ತೆ ಕಟ್. ಡ್ರಮ್ಮು ಮಾತ್ರ ಏನೂ ಆಗಿಲ್ಲ ಅನ್ನೋ ಹಾಗೆ ತಿರುಗ್ತಾನೇ ಇರುತ್ತೆ. ಹೀಗೆ ಅರ್ಧ ಹೊತ್ತು ಹೀಟರ್ ಇಲ್ಲ. ಹೀಟರ್ ಇರುವ ಅರ್ಧ ಹೊತ್ತಿನಲ್ಲಿ ಎದ್ದ ಆವಿಗೆ ಹೊರಗೆ ಹೋಗೋಕೆ ದಾರಿ ಇಲ್ಲ. ಬಟ್ಟೆ ಒಣಗೋಲ್ಲ, ಬೆವರುತ್ತೆ. ಬಾಗಿಲು ತೆಗೆದರೆ ಮುಖಕ್ಕೆ ಹಬೆ ಹೊಡೆಯುತ್ತೆ, ಮೆಷಿನ್ನಿನ ಮೇಲ್ಭಾಗ ಮುಟ್ಟಿದರೆ ಸುಡುತ್ತೆ. "ಇಷ್ಟು ಬಿಸಿ ಇದೆ, ಆದರೂ ಒಣಗ್ತಿಲ್ಲ" ಅನ್ನೋದು ಯಾವ ಒಗಟೂ ಅಲ್ಲ. ಇಷ್ಟು ಬಿಸಿ ಒಳಗೇ ಉಳಿದಿರೋದರಿಂದಲೇ ಒಣಗ್ತಿಲ್ಲ.

ಇದನ್ನ ನಾನು ಪುಸ್ತಕದ ಮಾತಾಗಿ ಹೇಳ್ತಿಲ್ಲ. ನಮ್ಮ ಮನೆಯ ಡ್ರೈಯರು ಒಂದು ಲೋಡ್ ಟವೆಲ್ಲಿಗೆ ಎರಡು ಗಂಟೆ ಹತ್ತು ನಿಮಿಷ ತಗೊಳ್ತಿತ್ತು. ಒಂದು ಸರ್ವಿಸ್ ಕಂಪನಿಗೆ ಫೋನ್ ಮಾಡಿದೆ. ಹೆಸರು ಬೇಡ ಬಿಡಿ, ಈ ವಿಷಯದಲ್ಲಿ ಎಲ್ಲರೂ ಒಂದೇ. ಬಂದವರು ಒಳ್ಳೆಯ ಮನುಷ್ಯರೇ. ಮೆಷಿನ್ ಆನ್ ಮಾಡಿದರು, ಒಳಗೆ ಕೈಯಿಟ್ಟರು, ಮೀಟರ್ ಹಿಡಿದರು. ಹೀಟರು ಆನ್ ಆಫ್ ಆಗೋದು ಕಂಡಿತು. "ಥರ್ಮೋಸ್ಟಾಟ್ ಹೋಗಿದೆ, ಜೊತೆಗೆ ಹೀಟರೂ ಹಾಕಿಬಿಡೋಣ, 280 ಡಾಲರ್ ಆಗುತ್ತೆ. ಆದರೆ ಇಷ್ಟು ಹಳೇ ಮೆಷಿನ್ನಿಗೆ ಯಾಕೆ ಖರ್ಚು ಮಾಡ್ತೀರಿ, ಹೊಸದೇ ತಗೊಳ್ಳೋದು ವಾಸಿ" ಅಂದರು. "ಹೊರಗೆ ಗಾಳಿ ಹೇಗೆ ಬರ್ತಿದೆ ಅಂತ ಒಂದ್ಸಲ ನೋಡೋಣ್ವಾ?" ಅಂತ ಕೇಳಿದೆ. "ಡಕ್ಟ್ ನಮ್ಮ ಕೆಲಸಕ್ಕೆ ಬರೋಲ್ಲ, ಅದಕ್ಕೆ ಬೇರೆಯವರನ್ನ ಕರೀಬೇಕು" ಅಂತ 85 ಡಾಲರ್ ವಿಸಿಟ್ ಚಾರ್ಜ್ ಇಸ್ಕೊಂಡು ಹೊರಟರು.

ಗಮನಿಸಿ, ಆ ಥರ್ಮೋಸ್ಟಾಟ್ ಹಾಳಾಗಿರಲಿಲ್ಲ. ತನ್ನ ಕೆಲಸವನ್ನ ಸರಿಯಾಗಿ ಮಾಡ್ತಿತ್ತು. ಜ್ವರ ತೋರಿಸಿದ ಥರ್ಮಾಮೀಟರನ್ನೇ ಬದಲಾಯಿಸಿ ಅಂದ ಹಾಗಾಯ್ತು ಅವರ ಸಲಹೆ.

ಅವತ್ತೇ ಮಧ್ಯಾಹ್ನ ಮೆಷಿನ್ನನ್ನ ಮುಂದಕ್ಕೆಳೆದೆ. ಹಿಂದೆ ಗೋಡೆಗೂ ಮೆಷಿನ್ನಿಗೂ ನಡುವೆ ಇದ್ದ ಬೆಳ್ಳಿ ಬಣ್ಣದ ತೆಳು ಫಾಯಿಲ್ ಪೈಪು ಹಪ್ಪಳದ ಹಾಗೆ ಚಪ್ಪಟೆಯಾಗಿತ್ತು. ಮನೆಯ ಹೊರಗೋಡೆಯಲ್ಲಿ ಪೈಪು ಮುಗಿಯುವ ಕಡೆ ಇರುವ ಮುಚ್ಚಳ ತೆಗೆದರೆ, ಅದರ ಹಿಂದೆ ಯಾರೋ ಪುಣ್ಯಾತ್ಮರು ಹಕ್ಕಿ ಬರದಿರಲಿ ಅಂತ ತಂತಿ ಜಾಲರಿ ಬಡಿದಿದ್ದಾರೆ. ಆ ಜಾಲರಿಗೆ ವರ್ಷಗಟ್ಟಲೆ ಲಿಂಟ್ ಕೂತು ಕಂಬಳಿ ತುಂಡಿನ ಹಾಗೆ ಆಗಿದೆ. ಜಾಲರಿ ಕಿತ್ತೆ. ಡ್ರಿಲ್ಲಿಗೆ ಸಿಕ್ಕಿಸುವ ಉದ್ದನೆಯ ಬ್ರಷ್ ತಂದು ಪೈಪು ಉಜ್ಜಿದೆ. ಫಾಯಿಲ್ ಬಿಸಾಕಿ ಗಟ್ಟಿ ಅಲ್ಯೂಮಿನಿಯಂ ಪೈಪು ಹಾಕಿದೆ. ಒಟ್ಟು ಖರ್ಚು ಸುಮಾರು 50 ಡಾಲರ್. ಅದೇ ಟವೆಲ್ಲುಗಳು, ಅದೇ ಹಳೇ ಮೆಷಿನ್ನು, ಅದೇ "ಹೋಗಿರುವ" ಥರ್ಮೋಸ್ಟಾಟು. ಐವತ್ತೈದು ನಿಮಿಷದಲ್ಲಿ ಗರಿಗರಿಯಾಗಿ ಒಣಗಿದವು.

ಹಾಗಂತ ಟೆಕ್ನಿಷಿಯನ್ ಒಬ್ಬರ ಮೇಲೆ ಕೋಪ ಮಾಡಿಕೊಂಡು ಪ್ರಯೋಜನ ಇಲ್ಲ. ಕೆಲಸವನ್ನ ಹಂಚಿರೋ ರೀತಿಯೇ ಹಾಗಿದೆ. ಮೆಷಿನ್ನು ಒಬ್ಬರದು, ಪೈಪು ಇನ್ನೊಬ್ಬರದು, ಗೋಡೆ ಮತ್ತೊಬ್ಬರದು. ಗಾಳಿಗೆ ಮಾತ್ರ ಈ ಗಡಿಗಳು ಗೊತ್ತಿಲ್ಲ. ಅಂಗಡಿಯವರಂತೂ ಹೊಸ ಡ್ರೈಯರ್ ತಂದಿಟ್ಟು ಹೋಗುವಾಗ ಹಿಂದಿನ ಪೈಪು ಜಜ್ಜಿಹೋಗುವಷ್ಟು ಗೋಡೆಗೆ ಒತ್ತಿಟ್ಟು ಹೋಗ್ತಾರೆ. ಹಿಂದೆ ಆರಿಂಚು ಜಾಗ ಬಿಟ್ಟರೆ ಚೆನ್ನಾಗಿ ಕಾಣೋಲ್ಲವಂತೆ!

ನನ್ನ ಹೆಚ್ಚಿನ ಸಿಟ್ಟು ಮನೆ ಕಟ್ಟುವವರ ಮೇಲೆ. ಮೊದಲೆಲ್ಲ ಇಲ್ಲಿನ ಮನೆಗಳಲ್ಲಿ ಬಟ್ಟೆ ಒಗೆಯುವ ಮೆಷಿನ್ನುಗಳು ಬೇಸ್‌ಮೆಂಟಲ್ಲೋ ಗ್ಯಾರೇಜಿನ ಪಕ್ಕದಲ್ಲೋ ಹೊರಗೋಡೆಗೆ ಒರಗಿ ಇರ್ತಿದ್ದವು. ಪೈಪು ನಾಲ್ಕಡಿ ಹೋದರೆ ಹೊರಗೆ. ಈಗ "ಮಾಸ್ಟರ್ ಬೆಡ್‌ರೂಮ್ ಪಕ್ಕದಲ್ಲೇ ಲಾಂಡ್ರಿ" ಅಂತ ಬ್ರೋಷರಿನಲ್ಲಿ ಹಾಕಬೇಕಲ್ಲ, ಅದಕ್ಕೆ ಎರಡನೇ ಮಹಡಿಯ ನಟ್ಟನಡುವೆ ಒಂದು ಬೀರುವಿನಂಥ ಗೂಡಿನಲ್ಲಿ ಇಡ್ತಾರೆ. ಪೈಪು ಅಲ್ಲಿಂದ ಮೇಲಕ್ಕೆ, ಎಡಕ್ಕೆ, ಮತ್ತೆ ಮೇಲಕ್ಕೆ, ಆಮೇಲೆ ಛಾವಣಿಗೆ. ಅಮೆರಿಕದ ರೆಸಿಡೆನ್ಶಿಯಲ್ ಕೋಡ್ ಹೇಳೋದು ಇಷ್ಟು: ತಯಾರಕರು ಬೇರೆ ಹೇಳದಿದ್ದರೆ ಪೈಪು ಹೆಚ್ಚೆಂದರೆ 35 ಅಡಿ. ಒಂದೊಂದು 90 ಡಿಗ್ರಿ ತಿರುವಿಗೆ ಅದರಲ್ಲಿ 5 ಅಡಿ ಕಳೀಬೇಕು, 45 ಡಿಗ್ರಿ ತಿರುವಿಗೆ ಎರಡೂವರೆ ಅಡಿ. ನಾಲ್ಕು ತಿರುವು ಇದ್ದರೆ 20 ಅಡಿ ಹೋಯ್ತು, ಉಳಿದಿದ್ದು 15. ಪೈಪು ಒಳಗೆ ನುಣುಪಾದ ಲೋಹದ್ದಾಗಿರಬೇಕು. ಲಿಂಟ್ ಸಿಕ್ಕಿಕೊಳ್ಳುವ ಹಾಗೆ ಸ್ಕ್ರೂ ಮೊನೆ ಒಳಗೆ ಚಾಚಿರಬಾರದು. ಹೊರತುದಿಗೆ ಜಾಲರಿ ಹಾಕಲೇಬಾರದು. ಡ್ರೈಯರನ್ನ ಬಾಗಿಲಿರುವ ಗೂಡಿನಲ್ಲಿ ಇಟ್ಟರೆ ಗಾಳಿ ಒಳಗೆ ಬರೋಕೆ ಕನಿಷ್ಠ 100 ಚದರ ಇಂಚು ಕಿಂಡಿ ಇರಬೇಕು. ಎಲ್ಲ ಕಾಗದದ ಮೇಲಿದೆ. ಗೋಡೆ ಮುಚ್ಚಿದ ಮೇಲೆ ಯಾರು ನೋಡ್ತಾರೆ? ಮನೆ ಕೊಳ್ಳುವಾಗ ನಾವು ಗ್ರಾನೈಟ್ ಕೌಂಟರ್ ಸವರಿ ನೋಡ್ತೀವಿ, ದೇವರಕೋಣೆಗೆ ಜಾಗ ಯಾವ ದಿಕ್ಕಿಗಿದೆ ಅಂತ ದಿಕ್ಸೂಚಿ ಹಿಡೀತೀವಿ. ಡ್ರೈಯರ್ ಪೈಪು ಎಲ್ಲಿ ಹೋಗಿ ಹೊರಗೆ ಬರುತ್ತೆ ಅಂತ ಒಬ್ಬರಾದರೂ ಕೇಳಿದ್ದು ನಾನು ನೋಡಿಲ್ಲ.

ಈಗ ಬೆಂಕಿಯ ವಿಷಯ. ಲಿಂಟ್ ಅಂದರೆ ಏನು? ಹತ್ತಿಯ ಜುಂಗು. ಕಡ್ಡಿ ಗೀರಿದರೆ ಭಗ್ ಅನ್ನುತ್ತೆ. ಕ್ಯಾಂಪಿಂಗಿಗೆ ಹೋಗುವವರು ಬೆಂಕಿ ಹೊತ್ತಿಸೋಕೆ ಅಂತಲೇ ಅದನ್ನ ಕೂಡಿಡ್ತಾರೆ. ಅಂಥ ವಸ್ತುವನ್ನ ಹೀಟರಿನ ಪಕ್ಕ, ಪ್ಲಾಸ್ಟಿಕ್ ಅಥವಾ ಫಾಯಿಲ್ ಪೈಪಿನಲ್ಲಿ, ಗೋಡೆಯೊಳಗೆ ತುಂಬಿಟ್ಟುಕೊಂಡು ಮಲಗ್ತೀವಿ. ಅಮೆರಿಕದ ಫೈರ್ ಅಡ್ಮಿನಿಸ್ಟ್ರೇಶನ್ 2012ರಲ್ಲಿ ಹೊರತಂದ ವರದಿಯ ಪ್ರಕಾರ 2008ರಿಂದ 2010ರವರೆಗೆ ಈ ದೇಶದ ವಸತಿ ಕಟ್ಟಡಗಳಲ್ಲಿ ವರ್ಷಕ್ಕೆ ಅಂದಾಜು 2,900 ಡ್ರೈಯರ್ ಬೆಂಕಿ, 5 ಸಾವು, 100 ಜನಕ್ಕೆ ಗಾಯ, 3.5 ಕೋಟಿ ಡಾಲರ್ ಆಸ್ತಿ ನಷ್ಟ. ಮೊದಲ ಕಾರಣ, ಶೇಕಡಾ 34: ಸ್ವಚ್ಛ ಮಾಡದೇ ಇದ್ದದ್ದು. ವೈರಿಂಗ್ ದೋಷ ಅಲ್ಲ, ತಯಾರಿಕೆಯ ದೋಷ ಅಲ್ಲ, ಗುಡಿಸದೇ ಇದ್ದದ್ದು! ಡ್ರೈಯರು ಗ್ಯಾಸಿನದ್ದಾದರೆ ಇನ್ನೊಂದು ಅಪಾಯ. ಉರಿದ ಗ್ಯಾಸಿನ ಹೊಗೆಯೂ ಇದೇ ಪೈಪಿನಲ್ಲೇ ಹೊರಗೆ ಹೋಗಬೇಕು. ಪೈಪು ಕಟ್ಟಿದರೆ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೇ ಉಳಿಯಬಹುದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ.

ಹಾಗಾಗಿ ನಿಧಾನವಾಗಿ ಒಣಗಿಸುವ ಡ್ರೈಯರ್ ಬರೀ ತೊಂದರೆ ಕೊಡ್ತಿಲ್ಲ, ಎಚ್ಚರಿಕೆ ಕೊಡ್ತಿದೆ. ನಾವು ಮಾಡೋದೇನು? "ಮೋರ್ ಟೈಮ್" ಬಟನ್ ಒತ್ತೋದು.

ಸರಿ, ಬೈದಿದ್ದು ಸಾಕು. ದುಡ್ಡು ಬಿಚ್ಚೋ ಮೊದಲು ಏನೇನು ನೋಡಬೇಕು ಅಂತ ನನ್ನ ಪಟ್ಟಿ ಇಲ್ಲಿದೆ. ಈ ಕ್ರಮದಲ್ಲೇ ನೋಡಿ. ಖರ್ಚಿಲ್ಲದ್ದು ಮೊದಲು, ಖರ್ಚಿನದ್ದು ಕೊನೆಗೆ.

1. ಮೊದಲು ವಾಷರ್ ನೋಡಿ, ಡ್ರೈಯರಲ್ಲ. ವಾಷರಿನಿಂದ ಬಟ್ಟೆ ತೊಟ್ಟಿಕ್ಕುತ್ತಾ ಬಂದರೆ ಡ್ರೈಯರನ್ನ ಬೈದು ಏನು ಫಲ? ಮೂರು ಕೆಜಿ ಬಟ್ಟೆ ಚೆನ್ನಾಗಿ ಸ್ಪಿನ್ ಆಗಿದ್ದರೆ ಅದರಲ್ಲಿ ಒಂದೂವರೆ ಕೆಜಿ ನೀರು ಉಳಿದಿರುತ್ತೆ ಅನ್ನಿ. ಸರಿಯಾಗಿ ಹಿಂಡದಿದ್ದರೆ ಮೂರು ಕೆಜಿ. ಒಂದು ಕೆಜಿ ನೀರನ್ನ ಆವಿ ಮಾಡೋಕೆ ಬರೀ ಲೆಕ್ಕದ ಪ್ರಕಾರವೇ ಸುಮಾರು 0.65 ಯೂನಿಟ್ ಕರೆಂಟ್ ಬೇಕು. ಹೆಚ್ಚುವರಿ ಒಂದೂವರೆ ಕೆಜಿಗೆ ಒಂದು ಯೂನಿಟ್ಟು, ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಸಮಯ. ಅದೇ ನೀರನ್ನ ವಾಷರು ಸ್ಪಿನ್ನಿನಲ್ಲಿ ಅದರ ಒಂದು ಚೂರು ಕರೆಂಟಲ್ಲಿ ಹಿಂಡಿ ಹಾಕುತ್ತೆ. ಸ್ಪಿನ್ ಸ್ಪೀಡ್ ಹೆಚ್ಚಿಸಿ, ಬೇಕಿದ್ದರೆ ಇನ್ನೊಮ್ಮೆ ಸ್ಪಿನ್ ಮಾಡಿ.

2. ಲೋಡ್ ನೋಡಿ. ಡ್ರಮ್ಮಿನಲ್ಲಿ ಬಟ್ಟೆ ಉರುಳಬೇಕು, ಬೀಳಬೇಕು, ನಡುವೆ ಗಾಳಿ ಆಡಬೇಕು. ವಾರದ ಬಟ್ಟೆಯನ್ನೆಲ್ಲ ಸಂತೆ ದಿನದ ಬಸ್ಸಿನ ಹಾಗೆ ತುರುಕಿದರೆ ಯಾವ ಮೆಷಿನ್ನೂ ಒಣಗಿಸೋಲ್ಲ. ಜೀನ್ಸ್, ಟವೆಲ್ ಒಂದು ಲೋಡ್. ತೆಳು ಅಂಗಿ, ಪಂಚೆ, ಚೂಡಿದಾರ್ ಬೇರೆ ಲೋಡ್.

3. ಲಿಂಟ್ ಜಾಲರಿ. ಪ್ರತಿ ಲೋಡಿಗೂ ಕೆರೆದು ತೆಗೀತೀವಿ ಅಂತೀರಿ, ಸಂತೋಷ. ಈಗ ಅದನ್ನ ನಲ್ಲಿ ಕೆಳಗೆ ಹಿಡಿಯಿರಿ. ನೀರು ಸರಾಗವಾಗಿ ಇಳಿದರೆ ಸರಿ. ಮೇಲೇ ನಿಂತರೆ, ವಾಸನೆಗೆ ಅಂತ ಹಾಕುವ ಡ್ರೈಯರ್ ಶೀಟಿನ ಮೇಣದಂಥ ಪದರ ಕೂತಿದೆ ಅಂತ ಅರ್ಥ. ಕಣ್ಣಿಗೆ ಕಾಣೋಲ್ಲ, ಗಾಳಿಗೆ ಮಾತ್ರ ಗೋಡೆ. ಬಿಸಿನೀರು, ಸೋಪು, ಹಳೇ ಟೂತ್‌ಬ್ರಷ್ ಹಾಕಿ ಉಜ್ಜಿ, ಒಣಗಿಸಿ, ವಾಪಸ್ ಹಾಕಿ.

4. ಡ್ರೈಯರ್ ಓಡ್ತಿರುವಾಗ ಮನೆಯ ಹೊರಗೆ ಹೋಗಿ. ಗೋಡೆಯ ಆ ಮುಚ್ಚಳದ ರೆಕ್ಕೆಗಳು ಪೂರ್ತಿ ತೆರೆದಿರಬೇಕು, ಕೈಗೆ ಬಿಸಿ ಗಾಳಿ ರಭಸವಾಗಿ ಹೊಡೀಬೇಕು. ಮುದುಕಪ್ಪನ ಉಸಿರಿನ ಹಾಗೆ ಬಂದರೆ ಕಾಯಿಲೆ ಸಿಕ್ಕಿತು. ಲಿಂಟ್, ಹಕ್ಕಿಗೂಡು, ಜಾಲರಿ, ಅಂಟಿಕೊಂಡ ರೆಕ್ಕೆ, ಏನಿದ್ದರೂ ತೆಗೆಯಿರಿ. ಈ ಒಂದು ಪರೀಕ್ಷೆಗೆ ಎರಡು ನಿಮಿಷ ಸಾಕು. ನಾನು ಕರೆಸಿದ ಟೆಕ್ನಿಷಿಯನ್ ಮಾಡದೇ ಹೋಗಿದ್ದು ಇದೇ ಎರಡು ನಿಮಿಷದ ಕೆಲಸ.

5. ಮೆಷಿನ್ ಹಿಂದೆ ನೋಡಿ. ಪೈಪು ಜಜ್ಜಿದೆಯಾ, ಹಾವಿನ ಹಾಗೆ ಸುತ್ತಿಕೊಂಡಿದೆಯಾ? ಬಿಳಿ ಪ್ಲಾಸ್ಟಿಕ್ ಅಥವಾ ತೆಳು ಫಾಯಿಲ್ ಆಗಿದ್ದರೆ ಇವತ್ತೇ ಬದಲಾಯಿಸಿ, ಗಟ್ಟಿ ಲೋಹದ್ದು ಹಾಕಿ. ಎಷ್ಟು ಗಿಡ್ಡ ಇದ್ದರೆ ಅಷ್ಟು ಒಳ್ಳೇದು.

6. ಇನ್ನೂ ಅನುಮಾನ ಇದ್ದರೆ, ಡ್ರೈಯರು ಎಲೆಕ್ಟ್ರಿಕ್ ಆಗಿದ್ದರೆ ಮಾತ್ರ, ಪೈಪನ್ನ ಬಿಚ್ಚಿ, ಕಿಟಕಿ ತೆಗೆದಿಟ್ಟು, ಪಕ್ಕದಲ್ಲೇ ನಿಂತು ಒಂದು ಲೋಡ್ ಓಡಿಸಿ. ಬೇಗ ಒಣಗಿದರೆ ಮೆಷಿನ್ ನಿರಪರಾಧಿ, ಪೈಪೇ ಅಪರಾಧಿ. ಗ್ಯಾಸ್ ಡ್ರೈಯರಿನಲ್ಲಿ ಈ ಪ್ರಯೋಗ ಬೇಡವೇ ಬೇಡ.

7. ಗೂಡಿನ ಬಾಗಿಲು ಮುಚ್ಚಿ ಓಡಿಸ್ತೀರಾ? ತೆಗೆದಿಟ್ಟು ನೋಡಿ. ಒಳಗೆ ಬಾರದ ಗಾಳಿ ಹೊರಗೆ ಹೇಗೆ ಹೋಗುತ್ತೆ?

8. ಇಷ್ಟೆಲ್ಲ ಆದ ಮೇಲೆ ಹೀಟರ್ ಕಡೆ ಬನ್ನಿ. ತಿರುಗ್ತಿದೆ ಆದರೆ ಗಾಳಿ ತಣ್ಣಗಿದೆ ಅಂದರೆ ಅದು ಬೇರೆ ಕಥೆ. ಇಲ್ಲಿನ ಎಲೆಕ್ಟ್ರಿಕ್ ಡ್ರೈಯರಿನಲ್ಲಿ ಮೋಟರಿಗೆ 120 ವೋಲ್ಟ್, ಹೀಟರಿಗೆ 240 ವೋಲ್ಟ್. 30 ಆಂಪಿನ ಜೋಡಿ ಬ್ರೇಕರಿನಲ್ಲಿ ಒಂದು ಕಡೆ ಮಾತ್ರ ಹೋದರೂ ಡ್ರಮ್ಮು ತಿರುಗಬಹುದು, ಬಿಸಿ ಮಾತ್ರ ಬರೋಲ್ಲ. ಬ್ರೇಕರನ್ನ ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿ. ಗ್ಯಾಸಿನದ್ದು ಮೊದಲು ಬಿಸಿಯಾಗಿ ಆಮೇಲೆ ತಣ್ಣಗಾಗುತ್ತಿದ್ದರೆ ಗ್ಯಾಸ್ ವಾಲ್ವಿನ ಕಾಯಿಲ್ ಸೋತಿರಬಹುದು. ಇದಕ್ಕೆ ಗೊತ್ತಿರುವವರನ್ನೇ ಕರೆಸಿ. ಥರ್ಮಲ್ ಫ್ಯೂಸ್ ಸುಟ್ಟಿದೆ ಅಂತ ಯಾರಾದರೂ ಹೊಸದು ಹಾಕಿದರೆ "ಯಾಕೆ ಸುಟ್ಟಿತು?" ಅಂತ ಕೇಳದೆ ಬಿಡಬೇಡಿ. ಪೈಪು ಸ್ವಚ್ಛ ಮಾಡದೆ ಫ್ಯೂಸ್ ಹಾಕಿದರೆ ಅದೂ ಸುಡುತ್ತೆ.

ಹೊಸ ಮೆಷಿನ್ನಿನ ಸರದಿ ಬರೋದು ಇದಾದ ಮೇಲೆ. ಒಂಬತ್ತನೇ ನಂಬರು.

ಇನ್ನು ನೀವೆಲ್ಲ ಎತ್ತುವ ತಕರಾರುಗಳು ನನಗೆ ಗೊತ್ತು, ಅದಕ್ಕೂ ಉತ್ತರ ಕೊಟ್ಟುಬಿಡ್ತೀನಿ.

"ಹೊಸದು ತಂದ ಮೇಲೆ ನಮ್ಮನೇಲಿ ಬೇಗ ಒಣಗ್ತಿದೆಯಲ್ಲ?" ಅಂತೀರಿ. ಹೌದು, ಕೆಲವು ಸಲ. ಹೊಸದು ಇಡುವಾಗ ಹಿಂದಿನ ಪೈಪನ್ನೂ ಬದಲಾಯಿಸಿರ್ತಾರೆ, ಇಪ್ಪತ್ತು ಡಾಲರಿನ ಪೈಪು ಮಾಡಿದ ಉಪಕಾರದ ಹೆಸರು ಎಂಟುನೂರು ಡಾಲರಿನ ಮೆಷಿನ್ನಿಗೆ ಹೋಗುತ್ತೆ. ಗೋಡೆಯೊಳಗಿನ ಲಿಂಟ್ ಹಾಗೇ ಇದ್ದರೆ ಹೊಸದೂ ಸ್ವಲ್ಪ ದಿನಕ್ಕೆ ಹಳೇ ರಾಗವನ್ನೇ ಹಾಡುತ್ತೆ.

"ನಾವು ಬಾಡಿಗೆ ಅಪಾರ್ಟ್‌ಮೆಂಟಲ್ಲಿದ್ದೀವಿ, ಅದು ಮ್ಯಾನೇಜ್‌ಮೆಂಟಿನ ತಲೆನೋವು." ತಲೆನೋವು ಅವರದು, ಮನೆಯೊಳಗೆ ಮಲಗೋರು ನೀವು. ಫೋನಿನಲ್ಲಿ ಹೇಳಿ ಬಿಡಬೇಡಿ, ಬರೆದು ಕೊಡಿ, ತಾರೀಖು ಹಾಕಿ. "ಡ್ರೈಯರ್ ನಿಧಾನ" ಅಂತ ಬರೆದರೆ ಬಂದು ಬಾಗಿಲು ತೆಗೆದು ಮುಚ್ಚಿ ಹೋಗ್ತಾರೆ. "ಡ್ರೈಯರ್ ವೆಂಟ್ ಕಟ್ಟಿದೆ, ಬೆಂಕಿಯ ಭಯ ಇದೆ" ಅಂತ ಬರೆಯಿರಿ. ಓಡಿ ಬರದಿದ್ದರೂ ನಡೆದುಕೊಂಡಾದರೂ ಬರ್ತಾರೆ.

ಮೂರನೆಯದು ಊರಿನಲ್ಲಿರುವ ಬ್ಲಾಗಿಗರಿಂದ ಬರುವ ಪ್ರಶ್ನೆ: "ಆಕಾಶದಲ್ಲಿ ಅಷ್ಟು ದೊಡ್ಡ ಸೂರ್ಯ ಇರುವಾಗ ನಿಮಗ್ಯಾಕ್ರೀ ಬೇಕು ಈ ಮೆಷಿನ್ನು?" ಅರ್ಧ ಒಪ್ಪುತ್ತೀನಿ. ಬಿಸಿಲಿರುವ ದಿನ ಹಗ್ಗದ ಮೇಲೆ ಹಾಕೋದಕ್ಕಿಂತ ಒಳ್ಳೆಯ ಡ್ರೈಯರ್ ಇಲ್ಲ. ಆದರೆ ಇಲ್ಲಿ ಹಿತ್ತಲಲ್ಲಿ ಹಗ್ಗ ಕಟ್ಟಿದರೆ "ಬಡಾವಣೆಯ ಬೆಲೆ ಇಳಿಯುತ್ತೆ" ಅಂತ ನೋಟಿಸ್ ಕಳಿಸುವ ಹೋಮ್ ಓನರ್ಸ್ ಅಸೋಸಿಯೇಷನ್‌ಗಳಿವೆ. ನಿಮ್ಮ ಜಾಗದಲ್ಲಿ ನಿಮ್ಮ ಅಂಗಿ ಒಣಹಾಕುವ ಹಕ್ಕಿಗೆ ರಾಜ್ಯಗಳು ಕಾನೂನು ಮಾಡಬೇಕಾಗಿ ಬಂತು ಅಂದರೆ ನಂಬ್ತೀರಾ? ವರ್ಮಾಂಟ್, ಮೇಯ್ನ್ 2009ರಲ್ಲಿ ಮಾಡಿದವು, ಮೇರಿಲ್ಯಾಂಡ್ 2010ರಲ್ಲಿ, ಕ್ಯಾಲಿಫೋರ್ನಿಯಾ 2015ರಲ್ಲಿ. ಫ್ಲಾರಿಡಾದಲ್ಲಿ ಇದಕ್ಕೂ ಎಷ್ಟೋ ಮೊದಲೇ ಇತ್ತು. ಅಂಥ ಕಾನೂನು ಇರುವ ರಾಜ್ಯದಲ್ಲಿದ್ದರೆ ದಯವಿಟ್ಟು ಧೈರ್ಯವಾಗಿ ಹಗ್ಗ ಕಟ್ಟಿ. ಆದರೆ ಜನವರಿಯಲ್ಲಿ, ಹೊರಗೆ ಮೈನಸ್ ಹದಿನೈದು ಇರುವಾಗ, ಹಗ್ಗದ ಮೇಲಿನ ಪ್ಯಾಂಟು ಹಲಗೆಯಾಗುತ್ತೆ. ಮಕ್ಕಳ ಸ್ಕೂಲ್ ಬಟ್ಟೆ ನಾಳೆಗೆ ಬೇಕು. ಮೆಷಿನ್ ಬೇಕೇ ಬೇಕು ಅಂತಾದ ಮೇಲೆ ಅದು ಸರಿಯಾಗಿ ಉಸಿರಾಡಲಿ ಅನ್ನೋದಷ್ಟೇ ನನ್ನ ವಾದ.

ಅಂದಹಾಗೆ ಬೆಂಗಳೂರಿನವರು ನಗಬೇಡಿ. ಸರದಿ ನಿಮ್ಮದೂ ಬಂದಿದೆ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಬಾರದು ಅಂತ ರೂಲ್ಸ್ ಮಾಡುವ ಅಪಾರ್ಟ್‌ಮೆಂಟುಗಳು ಅಲ್ಲೂ ಇವೆ. ತಾರಸಿ ಇಲ್ಲ, ಹಿತ್ತಲಿಲ್ಲ, ಆಗಸ್ಟಿನಲ್ಲಿ ಬಿಸಿಲಿಲ್ಲ. ಹಾಗಾಗಿ ಒಗೆಯೋದು ಒಣಗಿಸೋದು ಎರಡೂ ಒಂದರಲ್ಲೇ ಇರುವ ಮೆಷಿನ್ನುಗಳು ಮನೆಗಳಿಗೆ ಬರ್ತಿವೆ. ಜೊತೆಗೆ ಅದೇ ದೂರು: "ನಾಲ್ಕು ಗಂಟೆ ಆದರೂ ಒಣಗೋಲ್ಲ." ಡಬ್ಬದ ಮೇಲೆ ಏನು ಬರೆದಿದೆ ಅಂತ ಓದಿದ್ದೀರಾ? ಈ ಜೋಡಿ ಮೆಷಿನ್ನುಗಳಲ್ಲಿ ಒಗೆಯುವ ಅಳತೆಗಿಂತ ಒಣಗಿಸುವ ಅಳತೆ ಸಾಮಾನ್ಯವಾಗಿ ಕಮ್ಮಿ. ಎಂಟು ಕೆಜಿ ಒಗೆಯೋದು ಐದು ಕೆಜಿ ಮಾತ್ರ ಒಣಗಿಸಬಹುದು. ಒಗೆದದ್ದರಲ್ಲಿ ಒಂದಷ್ಟು ಹೊರಗೆ ತೆಗೆದು ಒಣಗಿಸಬೇಕು. ಅಂಗಡಿಯಲ್ಲಿ ದೊಡ್ಡ ನಂಬರನ್ನ ಮಾತ್ರ ಕೂಗಿ ಹೇಳ್ತಾರೆ.

ಇವುಗಳಲ್ಲಿ, ಹಾಗೇ ಬೇರೆಯಾಗಿ ಸಿಗುವ ಕಂಡೆನ್ಸರ್ ಮತ್ತು ಹೀಟ್ ಪಂಪ್ ಡ್ರೈಯರುಗಳಲ್ಲಿ, ಹೊರಗೆ ಹೋಗುವ ಪೈಪೇ ಇರೋಲ್ಲ. ಆವಿಯನ್ನ ಒಳಗೇ ತಣಿಸಿ ನೀರು ಮಾಡ್ತಾರೆ. ಹೀಟ್ ಪಂಪಿನದ್ದು ಸ್ವಭಾವತಃ ನಿಧಾನ, ಕಮ್ಮಿ ಬಿಸಿಯಲ್ಲಿ ಒಣಗಿಸುತ್ತೆ, ಕರೆಂಟನ್ನೂ ಹೀಟರಿನದ್ದಕ್ಕಿಂತ ಬಹಳ ಕಮ್ಮಿ ತಿನ್ನುತ್ತೆ. ಅದು ತಗೊಳ್ಳೋ ಎರಡು ಗಂಟೆ ಕಾಯಿಲೆ ಅಲ್ಲ, ನಡಿಗೆಯೇ ಹಾಗೆ. ಆದರೆ ಮೊದಲು ಎರಡು ಗಂಟೆ ಇದ್ದದ್ದು ಮೂರೂವರೆ ಆಯ್ತು ಅಂದರೆ ಕಾರಣ ಮತ್ತೆ ಅದೇ: ಫಿಲ್ಟರು, ಕಂಡೆನ್ಸರಿನ ರೆಕ್ಕೆಗಳ ಮೇಲೆ ಕೂತ ಲಿಂಟ್, ತುಂಬಿದ ನೀರಿನ ಡಬ್ಬಿ, ಅಥವಾ ಮೆಷಿನ್ ಇಟ್ಟಿರುವ ಪುಟ್ಟ ಯುಟಿಲಿಟಿಯ ಮುಚ್ಚಿದ ಬಾಗಿಲು. ದೇಶ ಬದಲಾಗಬಹುದು, ಮೆಷಿನ್ ಬದಲಾಗಬಹುದು, ಗಾಳಿಗೆ ದಾರಿ ಬಿಡದೆ ಬಟ್ಟೆ ಒಣಗೋಲ್ಲ.

ನಾನು ಕೇಳೋದು ದೊಡ್ಡದೇನಲ್ಲ. ವರ್ಷಕ್ಕೊಂದು ಸಲ, ಆಯುಧಪೂಜೆಗೆ ಕಾರು, ಕಂಪ್ಯೂಟರಿಗೆಲ್ಲ ಕುಂಕುಮ ಇಡ್ತೀರಲ್ಲ, ಅದರ ಹಿಂದಿನ ಶನಿವಾರ ಡ್ರೈಯರನ್ನ ಮುಂದಕ್ಕೆಳೆದು ಪೈಪು ಗುಡಿಸಿ. ಸರ್ವಿಸಿನವರು ಬಂದರೆ ಹೊರಗೋಡೆ ನೋಡದೆ ಬಿಲ್ ಬರೆಯೋಕೆ ಬಿಡಬೇಡಿ. ಮನೆ ಕೊಳ್ಳೋಕೆ ಹೋದರೆ ಪೈಪು ಎಷ್ಟು ಅಡಿ, ಎಷ್ಟು ತಿರುವು ಅಂತ ಕೇಳಿ. ಯಾರಾದರೂ "ಹಳೇದು ಬಿಸಾಕಿ" ಅಂದರೆ ಸುಮ್ಮನೆ ತಲೆಯಾಡಿಸಬೇಡಿ, "ಹೊರಗೆ ಗಾಳಿ ಬರ್ತಿದೆಯಾ?" ಅಂತ ಒಂದು ಪ್ರಶ್ನೆ ಕೇಳಿ.

ಒಪ್ಪದವರು ಕೆಳಗೆ ಧಾರಾಳವಾಗಿ ಬೈದು ಬರೆಯಿರಿ, ನನಗೇನೂ ಬೇಜಾರಿಲ್ಲ. ಒಂದೇ ಷರತ್ತು. ಬರೆಯೋ ಮೊದಲು ನಿಮ್ಮ ಮನೆಯ ಡ್ರೈಯರ್ ಗಾಳಿ ಹೊರಗೆ ಬರುವ ಮುಚ್ಚಳ ಎಲ್ಲಿದೆ ಅಂತ ಹುಡುಕಿ, ಅದರ ಮುಂದೆ ಒಂದ್ಸಲ ಕೈ ಹಿಡಿದು ನೋಡಿ ಬನ್ನಿ.